ಕಂಡವರು ಯಾರು? ಪರಮವೀರ ಚಕ್ರ ಹುಟ್ಟಿದ ಕಥೆ

1947ರ ನವೆಂಬರ್ 3. ಶ್ರೀನಗರ ವಿಮಾನ ನಿಲ್ದಾಣಕ್ಕೆ ಹತ್ತಿರದ ಬಡ್ಗಾಮ್. ನಾಲ್ಕನೇ ಕುಮಾಂವ್ ಬೆಟಾಲಿಯನ್ನಿನ ಮೇಜರ್ ಸೋಮನಾಥ ಶರ್ಮಾ ಅವರ ಒಂದು ಕೈಗೆ ಪ್ಲಾಸ್ಟರ್ ಹಾಕಿತ್ತು. ಹಾಕಿ ಆಡುವಾಗ ಮೂಳೆ ಮುರಿದಿತ್ತು. ಬರಬೇಡಿ ಎಂದರೂ ಕೇಳದೆ ಬಂದಿದ್ದರು. ಪಾಕಿಸ್ತಾನದ ಕಡೆಯಿಂದ ನುಗ್ಗಿದ ದಾಳಿಕೋರರ ಸಂಖ್ಯೆ ಅವರ ತುಕಡಿಗಿಂತ ಎಷ್ಟೋ ಪಟ್ಟು ಜಾಸ್ತಿ. ಜವಾನರು ಒಬ್ಬೊಬ್ಬರೇ ಬೀಳುತ್ತಿದ್ದರು. ಬಂದೂಕು ಹಿಡಿಯಲು ಆಗದ ಮೇಜರ್, ಓಡಾಡುತ್ತಾ ಮ್ಯಾಗಜೀನ್‌ಗಳಿಗೆ ಗುಂಡು ತುಂಬಿ ಲೈಟ್ ಮೆಷಿನ್ ಗನ್ ಹಿಡಿದವರಿಗೆ ಕೊಡುತ್ತಿದ್ದರು. ಆಗಲೇ ಮಾರ್ಟರ್ ಶೆಲ್ ಸಿಡಿದು ತೀರಿಕೊಂಡರು. ಅಷ್ಟು ಹೊತ್ತು ಅವರ ತುಕಡಿ ತಡೆದು ನಿಂತದ್ದರಿಂದ ವಿಮಾನ ನಿಲ್ದಾಣ ಉಳಿಯಿತು.

ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ದೇಶ ಕೊಡುವ ಅತಿ ದೊಡ್ಡ ಪದಕ ಪರಮವೀರ ಚಕ್ರ. ಅದನ್ನು ಪಡೆದವರಲ್ಲಿ ಮೊದಲ ಹೆಸರು ಅವರದೇ. ಆದರೆ ಅವರು ಸತ್ತ ದಿನ ಅಂಥದ್ದೊಂದು ಪದಕವೇ ಇರಲಿಲ್ಲ. ಪದಕದ ಹೆಸರೂ ಯಾರ ತಲೆಯಲ್ಲೂ ಇರಲಿಲ್ಲ.

ಯಾಕೆ ಇರಲಿಲ್ಲ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಭಾರತೀಯ ಸಿಪಾಯಿಯ ಶೌರ್ಯಕ್ಕೆ ಈಸ್ಟ್ ಇಂಡಿಯಾ ಕಂಪನಿ 1837ರಲ್ಲೇ ‘ಆರ್ಡರ್ ಆಫ್ ಮೆರಿಟ್’ ಶುರು ಮಾಡಿತ್ತು. ಅದರಲ್ಲಿ ಮೂರು ದರ್ಜೆ. ಮೊದಲು ಮೂರನೆಯದು ಸಿಗಬೇಕು. ಮತ್ತೊಮ್ಮೆ ಜೀವ ಪಣಕ್ಕಿಟ್ಟರೆ ಎರಡನೆಯದು, ಇನ್ನೊಮ್ಮೆ ಇಟ್ಟರೆ ಮೊದಲನೆಯದು. ಬ್ರಿಟಿಷರು 1856ರಲ್ಲಿ ತಮ್ಮ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ತಂದರು. ಅದೇ ಕಂದಕದಲ್ಲಿ, ಅದೇ ಗುಂಡಿನ ಮಳೆಯಲ್ಲಿ ನಿಂತ ಭಾರತೀಯ ಸಿಪಾಯಿಗೆ ಅದು ಸಿಗುವಂತಿರಲಿಲ್ಲ. 1897ರ ಸಾರಾಗಢಿ ಕದನದಲ್ಲಿ 36ನೇ ಸಿಖ್ ಪಲ್ಟನ್ನಿನ 21 ಜನ ಒಬ್ಬರೂ ಉಳಿಯದಂತೆ ಹೋರಾಡಿ ಸತ್ತರು. ಅಷ್ಟೂ ಜನರಿಗೆ ಸಿಕ್ಕಿದ್ದು ಆರ್ಡರ್ ಆಫ್ ಮೆರಿಟ್, ಅದೂ ಮೂರನೇ ದರ್ಜೆಯದು. ಇದನ್ನು ಓದಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ವಿಕ್ಟೋರಿಯಾ ಕ್ರಾಸ್‌ನ ಬಾಗಿಲು ಭಾರತೀಯರಿಗೆ ತೆರೆದದ್ದು 1911ರಲ್ಲಿ. 1914ರ ಅಕ್ಟೋಬರ್ 31ರಂದು ಬೆಲ್ಜಿಯಮ್ಮಿನಲ್ಲಿ ಮೆಷಿನ್ ಗನ್ ಬಿಟ್ಟು ಕದಲದೆ ನಿಂತ ಖುದಾದಾದ್ ಖಾನ್ ಅದನ್ನು ಪಡೆದ ಮೊದಲ ಭಾರತೀಯ ಸಿಪಾಯಿ.

1947ರಲ್ಲಿ ಆಡಳಿತ ನಮ್ಮ ಕೈಗೆ ಬಂತು. ಆದರೆ ಗಣರಾಜ್ಯ ಆಗುವವರೆಗೆ ಭಾರತಕ್ಕೂ ಪಾಕಿಸ್ತಾನಕ್ಕೂ ಕಾಗದದ ಮೇಲೆ ಒಬ್ಬನೇ ರಾಜ, ಆರನೇ ಜಾರ್ಜ್. ಕಾಶ್ಮೀರದಲ್ಲಿ ಎರಡೂ ದೇಶಗಳ ಸೈನಿಕರು ಎದುರುಬದುರಾಗಿದ್ದರು. ಇಬ್ಬರ ಎದೆಗೂ ಅದೇ ರಾಜನ ಹೆಸರಿನ ಪದಕ ಚುಚ್ಚಲು ಆಗುತ್ತದೆಯೇ? ನಮ್ಮದೇ ಪದಕ ಬೇಕು ಎಂಬ ಯೋಚನೆ ಬಂದದ್ದು ಹೀಗೆ. ಕೆಲಸ ಮುಗಿಯುವಷ್ಟರಲ್ಲಿ 1950ರ ಜನವರಿ 26 ಬಂತು. ಅಂದು ಪರಮವೀರ ಚಕ್ರ, ಅದರ ನಂತರದ ಮಹಾವೀರ ಚಕ್ರ, ಆಮೇಲಿನ ವೀರ ಚಕ್ರ ಮೂರೂ ಜಾರಿಗೆ ಬಂದವು. ಅವು 1947ರ ಆಗಸ್ಟ್ 15ರಿಂದಲೇ ಅನ್ವಯ ಎಂದು ಬರೆದದ್ದು ದೊಡ್ಡ ಮಾತು. ಅದರಿಂದಾಗಿಯೇ ಸೋಮನಾಥ ಶರ್ಮಾ ಅವರ ಹೆಸರು ಪಟ್ಟಿಗೆ ಸೇರಿತು.

ಪದಕದ ವಿನ್ಯಾಸದ ಹೊಣೆ ಮೇಜರ್ ಜನರಲ್ ಹೀರಾಲಾಲ್ ಅಟಲ್ ಅವರಿಗೆ ಬಿದ್ದಿತ್ತು. ಅವರು ಕೇಳಿಕೊಂಡದ್ದು ಸಾವಿತ್ರಿ ಖಾನೋಲ್ಕರ್ ಅವರನ್ನು. ಸಾವಿತ್ರಿ ಹುಟ್ಟಿದ್ದು ಸ್ವಿಟ್ಜರ್ಲೆಂಡಿನಲ್ಲಿ, 1913ರಲ್ಲಿ. ಮೊದಲ ಹೆಸರು ಈವ್. ಭಾರತೀಯ ಸೇನೆಯ ಅಧಿಕಾರಿ ವಿಕ್ರಮ್ ಖಾನೋಲ್ಕರ್ ಅವರನ್ನು ಮೆಚ್ಚಿ, ಮನೆಯವರ ವಿರೋಧ ಕಟ್ಟಿಕೊಂಡು ಇಲ್ಲಿಗೆ ಬಂದು ಮದುವೆಯಾದರು. ಆಮೇಲೆ ಈ ನೆಲ ಅವರಿಗೆ ಬರೀ ಗಂಡನ ಮನೆಯಾಗಿ ಉಳಿಯಲಿಲ್ಲ. ಸಂಸ್ಕೃತ, ಮರಾಠಿ, ಹಿಂದಿ ಕಲಿತರು. ಪುರಾಣಗಳನ್ನು ಓದಿಕೊಂಡರು.

ಅವರ ಕೈಯಿಂದ ಬಂದದ್ದು ತುಂಬಾ ಸರಳವಾದ ಪದಕ. ಚಿನ್ನವಿಲ್ಲ, ಬೆಳ್ಳಿಯಿಲ್ಲ, ಕಂಚಿನ ಒಂದು ಬಿಲ್ಲೆ. ಒಂದೂವರೆ ಇಂಚಿಗೂ ಅಗಲ ಕಡಿಮೆ. ನಡುವೆ ರಾಷ್ಟ್ರಲಾಂಛನ, ಸುತ್ತ ಇಂದ್ರನ ನಾಲ್ಕು ವಜ್ರಾಯುಧಗಳು. ಹಿಂಬದಿಯಲ್ಲಿ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಹೆಸರು, ಮಧ್ಯೆ ಎರಡು ಕಮಲ. ಒಂದೂ ಗೆರೆಯಿಲ್ಲದ ನೇರಳೆ ರಿಬ್ಬನ್. ವಜ್ರಾಯುಧ ಯಾಕೆ ಅಂತ ನಮ್ಮ ಮನೆಗಳಲ್ಲಿ ಅಜ್ಜಿಯಿಂದ ಕಥೆ ಕೇಳಿದವರಿಗೆ ಹೇಳಬೇಕಾಗಿಲ್ಲ. ವೃತ್ರನನ್ನು ಕೊಲ್ಲಲು ಬೇರೆ ಆಯುಧ ನಡೆಯದಾಗ ದಧೀಚಿ ಮುನಿ ತನ್ನ ಬೆನ್ನೆಲುಬನ್ನೇ ಕೊಟ್ಟ, ಅದರಿಂದ ಆದದ್ದು ವಜ್ರಾಯುಧ. ಪ್ರಾಣ ಕೊಟ್ಟವರ ಪದಕಕ್ಕೆ ಇದಕ್ಕಿಂತ ಹೊಂದುವ ಚಿತ್ರ ನನಗಂತೂ ತೋಚುವುದಿಲ್ಲ. ಸೋಮನಾಥ ಶರ್ಮಾ ಅವರ ತಮ್ಮನೇ ಸಾವಿತ್ರಿಯವರ ಅಳಿಯ. ತಾನು ಬಿಡಿಸಿದ ಪದಕ ಮೊದಲು ಸಂದದ್ದು ತನ್ನ ಬೀಗರ ಮನೆಗೇ.

ಇನ್ನು ನಮ್ಮ ಕರಾವಳಿಯವರ ಕಥೆ. ಕಾರವಾರ ತಾಲ್ಲೂಕಿನ ಚೆಂಡಿಯಾ ಊರಿನ ರಾಮ ರಾಘೋಬಾ ರಾಣೆ ಬಾಂಬೆ ಇಂಜಿನಿಯರ್ಸ್ ಪಲ್ಟನ್ನಿನವರು. ಇವರ ಕೆಲಸ ಶತ್ರುವನ್ನು ಹೊಡೆಯುವುದಲ್ಲ, ಹೊಡೆಯುವವರಿಗೆ ದಾರಿ ಬಿಡಿಸಿ ಕೊಡುವುದು. 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಜೌರಿಗೆ ಹೋಗುವ ದಾರಿಯ ತುಂಬ ನೆಲಬಾಂಬು, ಅಡ್ಡಲಾಗಿ ಕೆಡವಿದ ಪೈನ್ ಮರಗಳು, ಮೇಲಿನ ಗುಡ್ಡದಿಂದ ಮೆಷಿನ್ ಗನ್. ಮೊದಲ ದಿನವೇ ಮಾರ್ಟರ್ ದಾಳಿಗೆ ಅವರ ತಂಡದ ಇಬ್ಬರು ಸತ್ತರು, ಐವರಿಗೆ ಗಾಯ. ರಾಣೆ ಅವರ ತೊಡೆಗೂ ಏಟು ಬಿತ್ತು. ಅವರು ಹಿಂದೆ ಸರಿಯಲಿಲ್ಲ. ಚಲಿಸುವ ಟ್ಯಾಂಕಿನ ಹೊಟ್ಟೆಯಡಿ ತೂರಿಕೊಂಡು, ಅದರ ಜೊತೆಜೊತೆಗೇ ತೆವಳಿದರು. ಡ್ರೈವರ್‌ಗೆ ಸನ್ನೆ ಮಾಡಲು ಹಗ್ಗ ಕಟ್ಟಿಕೊಂಡಿದ್ದರು. ಜಗ್ಗಿದರೆ ನಿಲ್ಲಬೇಕು, ಮತ್ತೆ ಜಗ್ಗಿದರೆ ಹೊರಡಬೇಕು. ಕೈಯಿಂದ ನೆಲ ತಡವಿ ಬಾಂಬು ತೆಗೆಯುವ ಆ ಕೆಲಸವನ್ನು ಸುಮ್ನೆ ಒಂದು ಗಳಿಗೆ ಕಲ್ಪಿಸಿಕೊಳ್ಳಿ. ತಲೆಯ ಮೇಲೆ ಟನ್‌ಗಟ್ಟಲೆ ಉಕ್ಕು, ಮುಂದೆ ಎಲ್ಲಿದೆಯೋ ಗೊತ್ತಿಲ್ಲದ ಸಾವು. ಊಟ ನಿದ್ದೆ ಬಿಟ್ಟು ನಾಲ್ಕು ದಿನ ದುಡಿದರು. ಟ್ಯಾಂಕುಗಳು ರಜೌರಿ ತಲುಪಿದವು.

ರಾಣೆ ಬದುಕಿದ್ದು ಪರಮವೀರ ಚಕ್ರ ಪಡೆದವರು. ಅವರ ಪ್ರತಿಮೆ ಈಗ ಕಾರವಾರದ ಕಡಲ ತೀರದಲ್ಲಿದೆ. ಒಟ್ಟು 21 ಜನರಲ್ಲಿ 14 ಮಂದಿಗೆ ಅದು ಸಿಕ್ಕಿದ್ದು ಮರಣೋತ್ತರವಾಗಿ. 20 ಜನ ಭೂಸೇನೆಯವರು. ವಾಯುಪಡೆಯಿಂದ ಒಬ್ಬರೇ, 1971ರಲ್ಲಿ ಶ್ರೀನಗರದ ಮೇಲೆ ಹೋರಾಡಿದ ನಿರ್ಮಲ್‌ಜಿತ್ ಸಿಂಗ್ ಸೆಖೋನ್. 1999ರ ಕಾರ್ಗಿಲ್ ನಂತರ ಈ ಪಟ್ಟಿಗೆ ಹೊಸ ಹೆಸರು ಸೇರಿಲ್ಲ. ಶತ್ರುವಿನ ಎದುರಿನ ಕದನವಲ್ಲದೆ ಬೇರೆಡೆ ತೋರಿದ ಶೌರ್ಯಕ್ಕೆ 1952ರಲ್ಲಿ ಅಶೋಕ ಚಕ್ರ ಬಂತು. ಮುಂಬೈ ದಾಳಿಯಲ್ಲಿ ಮಡಿದ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರಿಗೆ ಸಂದದ್ದು ಅದೇ.

ಪದಕ ಕೊಡುವವರು ರಾಷ್ಟ್ರಪತಿ. ಆದರೆ ಅದರ ದಾರಿ ಶುರುವಾಗುವುದು ಬೆಟಾಲಿಯನ್ನಿನಲ್ಲಿ. ಕಮಾಂಡಿಂಗ್ ಆಫೀಸರ್ ‘ಸೈಟೇಷನ್’ ಬರೆಯುತ್ತಾರೆ. ಯಾರು, ಎಲ್ಲಿ, ಏನು ಮಾಡಿದರು ಎಂಬ ವಿವರ ಅದು. ಬ್ರಿಗೇಡ್, ಡಿವಿಷನ್ ಹೀಗೆ ಮೆಟ್ಟಿಲು ಹತ್ತಿ ಅದು ರಕ್ಷಣಾ ಸಚಿವಾಲಯ ಸೇರುತ್ತದೆ. ಅದಕ್ಕೆ ಬೇಕಾದದ್ದು ಕಣ್ಣಾರೆ ಕಂಡವರು. ಆದರೆ ಯುದ್ಧದಲ್ಲಿ ಕಂಡವರೂ ಸಾಯುತ್ತಾರೆ, ಅಲ್ವಾ?

ಇದರ ಗೊಂದಲ ದಾಖಲೆಯಲ್ಲೇ ಇದೆ. 1962ರ ಅಕ್ಟೋಬರ್‌ನಲ್ಲಿ ಪಾಂಗಾಂಗ್ ಸರೋವರದ ಬಳಿಯ ಸಿರಿಜಾಪ್ ಠಾಣೆಯಲ್ಲಿ ಹೋರಾಡಿದ ಮೇಜರ್ ಧನ್ ಸಿಂಗ್ ಥಾಪಾ ಸತ್ತರೆಂದೇ ಎಲ್ಲರೂ ನಂಬಿದರು. ಮರಣೋತ್ತರ ಪದಕವೂ ಪ್ರಕಟವಾಯಿತು. ಅವರು ಚೀನಾದ ಸೆರೆಯಲ್ಲಿ ಜೀವಂತ ಇದ್ದರು. ಕಾರ್ಗಿಲ್ ಯುದ್ಧದಲ್ಲಿ ಟೈಗರ್ ಹಿಲ್ ಬೆಟ್ಟದಲ್ಲಿ ಮೈತುಂಬಾ ಗುಂಡು ತಿಂದ ಯೋಗೇಂದ್ರ ಸಿಂಗ್ ಯಾದವ್ ಹೆಸರೂ ಮೊದಲು ಮರಣೋತ್ತರ ಎಂದೇ ಪ್ರಕಟವಾಗಿತ್ತು. ಅದೇ ಹೆಸರಿನ ಇನ್ನೊಬ್ಬ ಯೋಧ ಹುತಾತ್ಮರಾಗಿದ್ದರು. ಇವರು ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿದ್ದರು.

ಕಂಡವರೇ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಕಥೆ ಓದಬೇಕು. 1965ರ ಸೆಪ್ಟೆಂಬರ್ 7ರಂದು ನಮ್ಮ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯ ಮೀಸಲು ಪೈಲಟ್. ಬೇರೆ ವಿಮಾನ ಕೈಕೊಟ್ಟರೆ ಮಾತ್ರ ಅವರು ಮುಂದುವರಿಯಬೇಕಿತ್ತು. ಮುಂದುವರಿದರು. ಉಳಿದವರೆಲ್ಲ ಮರಳಿದರು, ಇವರು ಬರಲಿಲ್ಲ. ‘ಕಾಣೆಯಾಗಿದ್ದಾರೆ’ ಎಂದು ಕಡತದಲ್ಲಿ ಬರೆಯಲಾಯಿತು. ಅಷ್ಟೇ.

ಹದಿನಾಲ್ಕು ವರ್ಷದ ಮೇಲೆ, 1979ರಲ್ಲಿ, ಬ್ರಿಟಿಷ್ ಲೇಖಕರೊಬ್ಬರು ಪಾಕಿಸ್ತಾನದ ವಾಯುಪಡೆಯ ದಾಖಲೆ ನೋಡಿ ಪುಸ್ತಕ ಬರೆದರು. ಆ ದಿನ ಅವರದೊಂದು ಸ್ಟಾರ್‌ಫೈಟರ್ ವಿಮಾನ ಮಿಸ್ಟೇರ್ ಜೊತೆಗಿನ ಕಾಳಗದಲ್ಲಿ ಉರುಳಿತ್ತು ಎಂದು ಅದರಲ್ಲಿತ್ತು. ಸ್ಟಾರ್‌ಫೈಟರ್ ಶಬ್ದಕ್ಕಿಂತ ಎರಡು ಪಟ್ಟು ವೇಗವಾಗಿ ಹಾರಬಲ್ಲದ್ದು. ಅದರ ಪೈಲಟ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದ್ದರು. ನಮ್ಮವರು ಲೆಕ್ಕ ಹಾಕಿದರು. ಮರಳದೆ ಉಳಿದ ಮಿಸ್ಟೇರ್ ದೇವಯ್ಯ ಅವರದು. ಏಟು ತಿಂದ ವಿಮಾನದಲ್ಲೇ ಅವರು ತಿರುಗಿ ನಿಂತು ಹೋರಾಡಿದ್ದರು. ಅಂದು ದಾಳಿಯ ಮುಂದಾಳಾಗಿದ್ದ ತನೇಜಾ ಅವರು ನ್ಯಾಯ ಸಿಗಬೇಕೆಂದು ಪತ್ರ ಬರೆದರು.

ಸೈಟೇಷನ್‌ಗೆ ಬೇಕಿದ್ದ ಸಾಕ್ಷಿ ಒದಗಿದ್ದು ಎದುರಾಳಿಯ ಕಡತದಿಂದ. 1988ರಲ್ಲಿ, ಕದನ ನಡೆದು 23 ವರ್ಷಕ್ಕೆ, ದೇವಯ್ಯ ಅವರ ಮಹಾವೀರ ಚಕ್ರವನ್ನು ಅವರ ಪತ್ನಿ ಕೈಯೊಡ್ಡಿ ಪಡೆದರು.