ಮುಳ್ಳಿಗೆ ಹಗೆಯಿಲ್ಲ

2006ರ ಸೆಪ್ಟೆಂಬರ್ 5, ಶಿಕ್ಷಕರ ದಿನ. ನಾನಾಗ ಸಕಲೇಶಪುರದ ಆಚೆಗಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಮಕ್ಕಳು ಮನೆಯಂಗಳದ ಡೇರೆ ಹೂಗಳನ್ನು ಒದ್ದೆಯಾಗಿಯೇ ಕಿತ್ತು ತಂದು ನನ್ನ ಮೇಜಿನ ಮೇಲೆ ಗುಡ್ಡೆ ಹಾಕಿದ್ದರು. ಒಂಬತ್ತನೆಯ ತರಗತಿಯ ಒಬ್ಬ ಹುಡುಗ ಮಾತ್ರ ತನ್ನ ಹೂವನ್ನು ನನಗೆ ಕೊಡದೆ, ಅಂದಿನ ಪತ್ರಿಕೆಯಿಂದ ಕತ್ತರಿಸಿದ ಚಿತ್ರವೊಂದನ್ನು ಕರಿಹಲಗೆಯ ಅಂಚಿಗೆ ಸಿಕ್ಕಿಸಿ ಅದರ ಕೆಳಗೆ ಇಟ್ಟ. ಖಾಕಿ ಅಂಗಿ, ಖಾಕಿ ಚಡ್ಡಿ ತೊಟ್ಟು ನಗುತ್ತಿದ್ದ ಸ್ಟೀವ್ ಇರ್ವಿನ್ ಅವರ ಚಿತ್ರ ಅದು. ಮೊಸಳೆ, ಹಾವುಗಳ ಹತ್ತಿರ ಹೋಗಿ ಅವುಗಳನ್ನು ಟೆಲಿವಿಷನ್ನಿನಲ್ಲಿ ತೋರಿಸಿಕೊಡುತ್ತಿದ್ದ ಆಸ್ಟ್ರೇಲಿಯಾದ ವನ್ಯಜೀವಿ ಕಾರ್ಯಕ್ರಮದ ನಿರೂಪಕರು ಅವರು. ಹಿಂದಿನ ದಿನ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕರಾವಳಿಯ ಬ್ಯಾಟ್ ರೀಫ್ ಎಂಬಲ್ಲಿ, ಸಮುದ್ರಜೀವಿಗಳ ಕುರಿತ ಚಿತ್ರೀಕರಣದ ನಡುವೆ, ತೊರಕೆ ಮೀನಿನ ಬಾಲದ ಮುಳ್ಳು ಎದೆಗೆ ಚುಚ್ಚಿ ಅವರು ತೀರಿಕೊಂಡಿದ್ದರು. ವಯಸ್ಸು 44. ಹುಡುಗ ಅಳುತ್ತಿರಲಿಲ್ಲ, ಆದರೆ ಅತ್ತು ಮುಗಿಸಿ ಬಂದವನಂತೆ ಕಾಣುತ್ತಿದ್ದ. ಅವನು ಕೇಳಿದ್ದು ಒಂದೇ ಪ್ರಶ್ನೆ: “ಸರ್, ಆ ಮೀನಿಗೆ ಅವರ ಮೇಲೆ ಏನು ಸಿಟ್ಟಿತ್ತು?”

ಅಂದು ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತಂದಿರಲಿಲ್ಲ. ಪ್ರಶ್ನೆ ಮೀನಿಗಿಂತ ಹೆಚ್ಚಾಗಿ ನಮ್ಮ ದುಃಖದ ಸ್ವಭಾವಕ್ಕೆ ಸೇರಿದ್ದು ಎಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು.

ಮೊದಲು ಆ ದುಃಖವನ್ನೇ ನೋಡಬೇಕು. ಇರ್ವಿನ್ ಕುಟುಂಬ ನಡೆಸುತ್ತಿದ್ದ ಬೀರ್ವಾದ ಮೃಗಾಲಯದ ಬಾಗಿಲಲ್ಲಿ ಕೆಲವೇ ದಿನಗಳಲ್ಲಿ ಹೂಗುಚ್ಛಗಳು ರಾಶಿ ಬಿದ್ದವು. ಜನ ತಮ್ಮ ಖಾಕಿ ಅಂಗಿಗಳ ಮೇಲೆ ವಿದಾಯದ ಮಾತು ಬರೆದು ಬೇಲಿಗೆ ತೂಗುಹಾಕಿದರು. ಸರ್ಕಾರಿ ಗೌರವದ ಅಂತ್ಯಕ್ರಿಯೆಯ ಪ್ರಸ್ತಾಪ ಬಂದಾಗ, ತನ್ನ ಮಗ ಸಾಮಾನ್ಯ ಮನುಷ್ಯನಾಗಿಯೇ ಉಳಿಯಲು ಬಯಸುತ್ತಿದ್ದ ಎಂದು ಹೇಳಿ ತಂದೆ ಬಾಬ್ ಇರ್ವಿನ್ ಅದನ್ನು ನಿರಾಕರಿಸಿದರು. ಸೆಪ್ಟೆಂಬರ್ 20ರಂದು ಮೃಗಾಲಯದ ಮೊಸಳೆ ಪ್ರದರ್ಶನದ ಅಂಗಣದಲ್ಲಿ ಐದು ಸಾವಿರಕ್ಕೂ ಹೆಚ್ಚು ಜನ ಸೇರಿದ್ದ ಶ್ರದ್ಧಾಂಜಲಿ ಸಭೆ ನೇರಪ್ರಸಾರವಾಯಿತು. ಎಂಟು ವರ್ಷದ ಮಗಳು ಬಿಂಡಿ ಅಲ್ಲಿ ಎದ್ದುನಿಂತು ತಂದೆಯ ಬಗ್ಗೆ ಬರೆದು ತಂದದ್ದನ್ನು ತಡವರಿಸದೆ ಓದಿದಳು. ಕೊನೆಯಲ್ಲಿ ಸಿಬ್ಬಂದಿ ಹಳದಿ ಹೂಗಳಿಂದ ನೆಲದ ಮೇಲೆ ಬರೆದದ್ದು ‘ಕ್ರೈಕಿ’ ಎಂಬ ಒಂದೇ ಪದ. ಅಚ್ಚರಿಯಾದಾಗಲೆಲ್ಲ ಇರ್ವಿನ್ ಬಾಯಿಂದ ಹೊರಡುತ್ತಿದ್ದ ಉದ್ಗಾರ ಅದು.

ಅಲ್ಲಿ ಅತ್ತವರಲ್ಲಿ ಬಹುತೇಕರು ಅವರನ್ನು ಒಮ್ಮೆಯೂ ಭೇಟಿಯಾದವರಲ್ಲ. ನನ್ನ ತರಗತಿಯ ಹುಡುಗನಂತೂ ಸಮುದ್ರವನ್ನೇ ಕಂಡಿರಲಿಲ್ಲ. ಇರ್ವಿನ್ ಆಡುತ್ತಿದ್ದ ಇಂಗ್ಲಿಷಿನಲ್ಲಿ ಅವನಿಗೆ ಅರ್ಥವಾಗುತ್ತಿದ್ದದ್ದು ಹತ್ತರಲ್ಲಿ ಒಂದು ಮಾತು. ಹಾಗಿದ್ದೂ ಆ ದುಃಖ ಸುಳ್ಳಲ್ಲ, ಬಾಲಿಶವೂ ಅಲ್ಲ. 1956ರಲ್ಲಿ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಇಬ್ಬರು ವಿದ್ವಾಂಸರು, ಟೆಲಿವಿಷನ್ ಇನ್ನೂ ಹೊಸದಾಗಿದ್ದ ಕಾಲದಲ್ಲೇ, ಪರದೆಯ ಮೇಲಿನ ವ್ಯಕ್ತಿಯೊಂದಿಗೆ ನೋಡುಗರು ಬೆಳೆಸಿಕೊಳ್ಳುವ ಏಕಮುಖ ನಂಟನ್ನು ಗುರುತಿಸಿ ಅದಕ್ಕೊಂದು ಹೆಸರಿಟ್ಟರು. ಕನ್ನಡದಲ್ಲಿ ಅದನ್ನು ‘ಪರೋಕ್ಷ ಸಾಮಾಜಿಕ ಸಂಬಂಧ’ ಎನ್ನಬಹುದು. ಆ ವ್ಯಕ್ತಿ ನಮ್ಮತ್ತ ನೋಡಿ ಮಾತನಾಡುತ್ತಾನೆ, ಗೊತ್ತಾದ ದಿನ ಗೊತ್ತಾದ ಹೊತ್ತಿಗೆ ತಪ್ಪದೆ ಮನೆಗೆ ಬರುತ್ತಾನೆ, ನಮ್ಮ ಊಟದ ಹೊತ್ತಿನಲ್ಲಿ ನಮ್ಮ ಜೊತೆಗಿರುತ್ತಾನೆ. ಮುಖ ಮತ್ತು ದನಿಯನ್ನು ಗುರುತಿಸುವ ನಮ್ಮ ಮಿದುಳಿನ ವ್ಯವಸ್ಥೆ ರೂಪುಗೊಂಡದ್ದು ಪರದೆಗಳೇ ಇಲ್ಲದ ಲಕ್ಷಾಂತರ ವರ್ಷಗಳಲ್ಲಿ. ಪದೇ ಪದೇ ಹತ್ತಿರದಿಂದ ಕಾಣುವ ಮುಖವೆಂದರೆ ಆಗೆಲ್ಲ ಬಂಧುವಿನದೋ ನೆರೆಯವರದೋ ಆಗಿರುತ್ತಿತ್ತು. ಬುದ್ಧಿಗೆ ವ್ಯತ್ಯಾಸ ಗೊತ್ತು, ಒಡನಾಟದ ಅಭ್ಯಾಸಕ್ಕೆ ಗೊತ್ತಿಲ್ಲ. ಒಂದು ವಸ್ತುವನ್ನು ಮತ್ತೆ ಮತ್ತೆ ಕಂಡಷ್ಟಕ್ಕೇ ಅದರ ಮೇಲೆ ಒಲವು ಹೆಚ್ಚುತ್ತದೆಂದು ರಾಬರ್ಟ್ ಜಾಯಾಂಕ್ 1968ರಲ್ಲಿ ಪ್ರಯೋಗಗಳ ಮೂಲಕ ತೋರಿಸಿದ್ದರು. ಇರ್ವಿನ್ ಅವರ ವಿಷಯದಲ್ಲಿ ಇನ್ನೂ ಒಂದಂಶ ಸೇರಿಕೊಂಡಿತ್ತು: ಅವರು ನೆಲಕ್ಕೆ ಮೈಚಾಚಿ, ಕ್ಯಾಮೆರಾದ ಕಣ್ಣಿಗೆ ಮುಖ ಒಡ್ಡಿ, ಪಕ್ಕದಲ್ಲಿ ಹಾವೋ ಮೊಸಳೆಯೋ ಇರುವಾಗ ಗುಟ್ಟು ಹೇಳುವವರಂತೆ ಪಿಸುಗುಟ್ಟುತ್ತಿದ್ದರು. ಅಪಾಯದ ಹತ್ತಿರ ಜೊತೆಗೂಡಿ ಉಸಿರು ಬಿಗಿಹಿಡಿದವರ ನಡುವೆ ಸಲಿಗೆ ಬೇಗ ಬೆಳೆಯುತ್ತದೆ.

ಈ ನಂಟಿಗೆ ಪರದೆಯೇ ಬೇಕೆಂದಿಲ್ಲ. ಇರ್ವಿನ್ ತೀರಿಕೊಂಡ ಏಳು ತಿಂಗಳಿಗೆ, 2007ರ ಏಪ್ರಿಲ್ 5ರಂದು, ನಮ್ಮ ಪಕ್ಕದ ಮೂಡಿಗೆರೆಯ ತೋಟದ ಮನೆಯಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಹಠಾತ್ತನೆ ನಿಧನರಾದಾಗ, ಅವರ ಬರವಣಿಗೆಯನ್ನಷ್ಟೇ ಬಲ್ಲ ಎಷ್ಟೋ ಜನ ಮನೆಯ ಹಿರಿಯರನ್ನು ಕಳೆದುಕೊಂಡವರಂತೆ ಮಂಕಾಗಿ ಕುಳಿತದ್ದನ್ನು ಈ ಭಾಗದವರೆಲ್ಲ ಬಲ್ಲರು. ಕಾಡನ್ನು ತೋರಿಸಿಕೊಟ್ಟವರ ಸಾವಿನಲ್ಲಿ ಕಾಡಿನ ಒಂದು ಬಾಗಿಲೇ ಮುಚ್ಚಿದಂತಾಗುತ್ತದೆ.

ದುಃಖ ಸಹಜವೆಂದಾಯಿತು. ಅದು ಮುಂದೆ ಹಿಡಿದ ದಾರಿಯೇ ನನ್ನನ್ನು ಈಗಲೂ ಕಾಡುವುದು. ಇರ್ವಿನ್ ಸತ್ತ ವಾರದಲ್ಲೇ ಕ್ವೀನ್ಸ್‌ಲ್ಯಾಂಡಿನ ಸಮುದ್ರತೀರಗಳಲ್ಲಿ ಸತ್ತ ತೊರಕೆಗಳು ಸಿಗತೊಡಗಿದವು. ಅಂಥ ಸುಮಾರು ಹತ್ತು ಮೀನುಗಳ ಸುದ್ದಿ ಬಂತು. ಕೆಲವುಗಳ ಬಾಲವನ್ನು ಕತ್ತರಿಸಲಾಗಿತ್ತು. ಬಲೆಗೆ ಬಿದ್ದ ತೊರಕೆಯ ಬಾಲವನ್ನು ಮೀನುಗಾರರು ತಮ್ಮ ಸುರಕ್ಷತೆಗಾಗಿ ಕತ್ತರಿಸುವುದುಂಟು, ಆದ್ದರಿಂದ ಪ್ರತಿಯೊಂದನ್ನೂ ಸೇಡಿನ ಕೃತ್ಯ ಎನ್ನಲಾಗದು. ಆದರೂ ಅಭಿಮಾನಿಗಳ ಸಿಟ್ಟು ಮೀನಿನ ಮೇಲೆ ತಿರುಗಿರಬಹುದೆಂಬ ಶಂಕೆ ಎಷ್ಟು ಬಲವಾಗಿತ್ತೆಂದರೆ, ಇರ್ವಿನ್ ಅವರ ಸಂರಕ್ಷಣಾ ಸಂಸ್ಥೆಯವರೇ ಮುಂದೆ ಬಂದು, ಅವರು ಇದನ್ನು ಎಂದಿಗೂ ಬಯಸುತ್ತಿರಲಿಲ್ಲವೆಂದು ಹೇಳಬೇಕಾಯಿತು. ಅದೇ ವೇಳೆಗೆ ಲೇಖಕಿ ಜರ್ಮೇನ್ ಗ್ರೀರ್ ಬ್ರಿಟಿಷ್ ಪತ್ರಿಕೆಯೊಂದರಲ್ಲಿ, ಪ್ರಾಣಿಗಳನ್ನು ಹಿಡಿದು ಆಡಿಸುತ್ತಿದ್ದ ಮನುಷ್ಯನ ಮೇಲೆ ಪ್ರಾಣಿಲೋಕ ಕೊನೆಗೂ ಸೇಡು ತೀರಿಸಿಕೊಂಡಿತೆಂಬ ಅರ್ಥದಲ್ಲಿ ಬರೆದು ಆಸ್ಟ್ರೇಲಿಯನ್ನರ ಕೋಪಕ್ಕೆ ಗುರಿಯಾದರು. ಪ್ರಾಣಿಗಳಿಗೆ ಅವುಗಳ ಪಾಡಿಗಿರಲು ಅಂತರ ಬೇಕೆಂಬ ಅವರ ಆಕ್ಷೇಪದಲ್ಲಿ ಹುರುಳಿದೆ. 2004ರ ಜನವರಿಯಲ್ಲಿ ಹಸುಗೂಸನ್ನು ಕಂಕುಳಲ್ಲಿಟ್ಟುಕೊಂಡು ಮೊಸಳೆಗೆ ಆಹಾರ ನೀಡಿದ ಇರ್ವಿನ್ ಅವರನ್ನು ಆಗಲೂ ಅನೇಕರು ಖಂಡಿಸಿದ್ದರು, ನನಗೂ ಅದು ಸರಿಯೆನಿಸಿರಲಿಲ್ಲ. ಆದರೆ ಬಾಲ ಕತ್ತರಿಸಿದವರೂ ಸೇಡಿನ ಮಾತು ಬರೆದವರೂ, ಎರಡು ದಡಗಳಲ್ಲಿ ನಿಂತಿದ್ದರೂ, ಒಂದೇ ತಪ್ಪನ್ನು ಮಾಡಿದ್ದರು. ಇಬ್ಬರೂ ಮೀನಿಗೆ ಒಂದು ಮನಸ್ಸನ್ನು, ಆ ಮನಸ್ಸಿಗೊಂದು ಹಗೆಯನ್ನು ಕೊಟ್ಟಿದ್ದರು. ನನ್ನ ತರಗತಿಯ ಹುಡುಗ ಕೇಳಿದ್ದೂ ಅದನ್ನೇ.

ತೊರಕೆಯಲ್ಲಿ ಅಂಥದ್ದಕ್ಕೆ ಎಡೆಯಿದೆಯೇ ಎಂದು ಅದರ ದೇಹವನ್ನೇ ಕೇಳೋಣ. ತೊರಕೆಗಳು ಶಾರ್ಕುಗಳ ಹತ್ತಿರದ ಸಂಬಂಧಿಗಳು. ಮೈಯಲ್ಲಿ ಗಟ್ಟಿ ಮೂಳೆಯಿಲ್ಲ, ಎಲ್ಲವೂ ಮೃದ್ವಸ್ಥಿ. ಚಪ್ಪಟೆಯಾದ ದೇಹವನ್ನು ಮರಳಿನಲ್ಲಿ ಹುದುಗಿಸಿ, ಕಣ್ಣಷ್ಟೇ ಹೊರಗಿಟ್ಟು, ಚಿಪ್ಪುಜೀವಿ, ಏಡಿ, ಹುಳುಗಳನ್ನು ತಿಂದು ಬದುಕುವ ಇವು ಬಾಲದ ಮುಳ್ಳನ್ನು ಬೇಟೆಗೆ ಬಳಸುವುದಿಲ್ಲ. ಶಾರ್ಕಿನ ಚರ್ಮವನ್ನು ಉಜ್ಜುಕಾಗದದಂತೆ ಒರಟಾಗಿಸುವ ಹಲ್ಲಿನಂಥ ಪುಟ್ಟ ಹುರುಪೆಗಳಲ್ಲಿ ಒಂದು ಉದ್ದವಾಗಿ ಬೆಳೆದು ಈ ಮುಳ್ಳಾಗಿದೆ. ನಮ್ಮ ಹಲ್ಲಿನಲ್ಲಿರುವ ದಂತದ್ರವ್ಯದ ಜಾತಿಗೆ ಸೇರಿದ ವಸ್ತುವಿನಿಂದಲೇ ಆದದ್ದು. ಎರಡೂ ಅಂಚುಗಳಲ್ಲಿ ಹಿಂದಕ್ಕೆ ಬಾಗಿದ ಗರಗಸದ ಹಲ್ಲುಗಳು, ಕೆಳಮೈಯಲ್ಲಿ ಎರಡು ತೋಡುಗಳು, ಆ ತೋಡುಗಳಲ್ಲಿ ವಿಷ ತುಂಬಿದ ಅಂಗಾಂಶ, ಇಡೀ ಮುಳ್ಳಿನ ಮೇಲೆ ತೆಳುವಾದ ಚರ್ಮದ ಹೊದಿಕೆ. ಹಾವಿನಂತೆ ವಿಷವನ್ನು ಒತ್ತಿ ಹರಿಸುವ ಏರ್ಪಾಡು ಇದಕ್ಕಿಲ್ಲ. ಮುಳ್ಳು ಒಳಹೊಕ್ಕಾಗ ಹೊದಿಕೆ ಹರಿದು ವಿಷ ಗಾಯಕ್ಕೆ ಇಳಿಯುತ್ತದೆ, ಅಷ್ಟೇ. ಮೇಲಿನಿಂದ ಯಾರೋ ತುಳಿದಾಗ ಅಥವಾ ದೊಡ್ಡದೊಂದು ನೆರಳು ಮೇಲೆ ಬಂದು ದಾರಿ ಕಟ್ಟಿದಂತಾದಾಗ ಬಾಲ ಮೇಲಕ್ಕೆ ಚಿಮ್ಮುತ್ತದೆ. ಬಿಸಿ ಪಾತ್ರೆ ಮುಟ್ಟಿದ ಕೈ ಯೋಚನೆಗೆ ಮೊದಲೇ ಹಿಂದೆ ಬರುವುದಿಲ್ಲವೇ, ಅದಕ್ಕೆ ಸಮೀಪದ ಚಲನೆ ಇದು.

ನಮ್ಮ ಹೊಳೆ, ಕೆರೆಗಳಲ್ಲಿ ಮೀನು ಹಿಡಿಯುವವರಿಗೆ ಈ ವಿಷಯ ಹೊಸದೇನಲ್ಲ. ಕೆಸರಲ್ಲಿ ಕೈಯಾಡಿಸುವಾಗ ಚೇಳು ಮೀನಿನ ಈಜುರೆಕ್ಕೆಯ ಮುಳ್ಳು ಚುಚ್ಚಿಸಿಕೊಂಡವರು ಆ ಉರಿಯನ್ನು ಜನ್ಮವಿಡೀ ನೆನೆಯುತ್ತಾರೆ. ಆ ವಿಷವೂ ತೊರಕೆಯ ವಿಷದಂತೆ ಶಾಖಕ್ಕೆ ಕೆಡುವ ಪ್ರೋಟೀನುಗಳಿಂದ ಕೂಡಿದ್ದು; ಚರ್ಮ ಸುಡದ ಹಾಗೆ ನೋಡಿಕೊಂಡು, ಸುಮಾರು 45 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಕೈಕಾಲು ಅದ್ದಿಡುವುದರಿಂದ ನೋವು ಇಳಿಯುವುದು ಈ ಕಾರಣಕ್ಕೆ. ಕೈಕಾಲಿಗೆ ಚುಚ್ಚಿದರೆ ತೊರಕೆಯ ಮುಳ್ಳೂ ಪ್ರಾಣ ತೆಗೆಯುವುದು ತೀರಾ ಅಪರೂಪ. ಇರ್ವಿನ್ ಅವರನ್ನು ಕೊಂದದ್ದು ಮುಖ್ಯವಾಗಿ ವಿಷವಲ್ಲ, ಮುಳ್ಳು ಹೃದಯವನ್ನೇ ತೂರಿದ್ದು. ನಾಲ್ಕು ಬೆರಳಿನಷ್ಟು ಅತ್ತಿತ್ತ ಆಗಿದ್ದರೆ ಅದೇ ದೊಡ್ಡ ಗಾಯವೊಂದರ ಕಥೆಯಾಗುತ್ತಿತ್ತೋ ಏನೋ. ಸಾವು ಇಷ್ಟು ಸಣ್ಣ ಅಂತರದಲ್ಲಿ ತೀರ್ಮಾನವಾಯಿತು ಎಂಬುದನ್ನು ಒಪ್ಪಿಕೊಳ್ಳುವುದು ದುಃಖದಲ್ಲಿರುವವರಿಗೆ ಎಲ್ಲಕ್ಕಿಂತ ಕಷ್ಟ. ಇಷ್ಟು ದೊಡ್ಡ ನಷ್ಟಕ್ಕೆ ಅಷ್ಟೇ ದೊಡ್ಡ ಕಾರಣ ಇರಲೇಬೇಕೆಂದು ಮನಸ್ಸು ಹುಡುಕುತ್ತದೆ, ಸಿಗದಿದ್ದರೆ ಕಟ್ಟಿಕೊಳ್ಳುತ್ತದೆ.

ಕಟ್ಟಿಕೊಳ್ಳುವುದು ಎಷ್ಟು ಸುಲಭವೆಂಬುದನ್ನು ಫ್ರಿಟ್ಜ್ ಹೈಡರ್ ಮತ್ತು ಮೇರಿಯಾನ್ ಸಿಮ್ಮೆಲ್ 1944ರಲ್ಲಿ ಸರಳವಾದ ಪ್ರಯೋಗವೊಂದರಿಂದ ತೋರಿಸಿದ್ದರು. ಎರಡು ತ್ರಿಕೋನ, ಒಂದು ಪುಟ್ಟ ವೃತ್ತ ಅತ್ತಿತ್ತ ಸರಿದಾಡುವ ಕಿರುಚಿತ್ರವನ್ನು ಅವರು ಜನರಿಗೆ ತೋರಿಸಿದರು. ನೋಡಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ದೊಡ್ಡ ತ್ರಿಕೋನ ಜಗಳಗಂಟ, ವೃತ್ತಕ್ಕೆ ಅದರ ಭಯ, ಚಿಕ್ಕ ತ್ರಿಕೋನ ಕಾಪಾಡಲು ಬಂತು ಎಂಬಂಥ ಕಥೆಗಳನ್ನು ಹೇಳಿದರು. ಕಾಗದದ ತುಂಡಿನಲ್ಲೇ ಉದ್ದೇಶ ಕಾಣುವ ಕಣ್ಣಿಗೆ ಬಾಲ ಬೀಸಿದ ಮೀನಿನಲ್ಲಿ ಉದ್ದೇಶ ಕಾಣದಿರುವುದು ಹೇಗೆ? ಪೊದೆ ಅಲುಗಿದರೆ ಹುಲಿಯಿರಬಹುದೆಂದು ಎಣಿಸಿ ಓಡಿದ ಪೂರ್ವಿಕರ ಮಕ್ಕಳು ನಾವು, ಇದು ನಮ್ಮನ್ನು ಉಳಿಸಿದ ಗುಣವೇ ಇರಬೇಕು. ಪೆಟ್ಟು ತಿಂದ ಹಾವು ಹನ್ನೆರಡು ವರ್ಷ ಹಗೆ ಸಾಧಿಸುತ್ತದೆಂದು ನನ್ನ ಅಜ್ಜಿ ನಂಬಿದ್ದೂ ಇದೇ ಗುಣದಿಂದ. ಆ ನಂಬಿಕೆಯಿಂದಲೇ ಅರೆಪೆಟ್ಟು ತಿಂದ ಹಾವನ್ನು ಬೆನ್ನಟ್ಟಿ ಕೊಲ್ಲುವುದನ್ನು ನಾನು ಕಂಡಿದ್ದೇನೆ, ಹಾಗೆ ಬೆನ್ನಟ್ಟಿದವರಲ್ಲೇ ಒಬ್ಬರು ಕಡಿಸಿಕೊಂಡದ್ದನ್ನೂ ಕಂಡಿದ್ದೇನೆ.

ಹದಿನೇಳು ವರ್ಷಗಳ ಮೇಲೆ ಇದೆಲ್ಲ ನಮ್ಮ ಮನೆಬಾಗಿಲಿಗೇ ಬಂತು. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, ಕಾಡಾನೆ ಸೆರೆಹಿಡಿಯುವ ಕಾರ್ಯಾಚರಣೆಯ ನಡುವೆ, ಸಲಗವೊಂದರ ಜೊತೆಗಿನ ಕಾಳಗದಲ್ಲಿ ಸಾಕಾನೆ ಅರ್ಜುನ ಸತ್ತ. 2012ರಿಂದ 2019ರವರೆಗೆ ಎಂಟು ದಸರೆಗಳಲ್ಲಿ 750 ಕೆ.ಜಿ. ತೂಕದ ಚಿನ್ನದ ಅಂಬಾರಿ ಹೊತ್ತ ಆನೆ ಅವನು. ನಾಡಿನ ಜನ ಅವನನ್ನು ಕಂಡದ್ದೂ ಹೆಚ್ಚಾಗಿ ಟೆಲಿವಿಷನ್ ಪರದೆಯ ಮೇಲೆಯೇ. ಅವನ ದೇಹದ ಪಕ್ಕದಲ್ಲಿ ಮಾವುತ ಬಿಕ್ಕಿದ್ದನ್ನು ಮೊಬೈಲಿನಲ್ಲಿ ನೋಡಿದವರೆಲ್ಲ ಅತ್ತರು. ದಬ್ಬಳ್ಳಿಕಟ್ಟೆಯಲ್ಲಿ ಮಣ್ಣು ಮಾಡುವ ಹೊತ್ತಿಗೆ ಸೇರಿದ ಜನರ ದುಃಖ ಪ್ರತಿಭಟನೆಯಾಯಿತು. ಕಾರ್ಯಾಚರಣೆಯ ರೀತಿಯ ಬಗ್ಗೆ ಪ್ರಶ್ನೆಗಳೆದ್ದವು, ಅವು ಕೇಳಬೇಕಾದ ಪ್ರಶ್ನೆಗಳೇ ಆಗಿದ್ದವು. ಆದರೆ ಆ ವಾರ ನಮ್ಮೂರಿನ ಚಹಾ ಅಂಗಡಿಯಲ್ಲಿ ನಾನು ಕೇಳಿದ ಮಾತು ಬೇರೆ. ಆ ಕೊಲೆಗಡುಕ ಸಲಗಕ್ಕೆ ಗುಂಡಿಕ್ಕಬೇಕು, ಅದು ಹೊಂಚು ಹಾಕಿ ಅರ್ಜುನನನ್ನೇ ಹುಡುಕಿಕೊಂಡು ಬಂದಿತ್ತು ಎಂದು ಒಬ್ಬರು ಹೇಳಿದರು, ಉಳಿದವರು ಹೌದೆಂದು ತಲೆಯಾಡಿಸಿದರು.

ಆನೆ ತೊರಕೆಯಲ್ಲ ಎಂಬುದನ್ನು ಇಲ್ಲಿ ಎಚ್ಚರದಿಂದ ಹೇಳಬೇಕು. ಆನೆಗೆ ದೊಡ್ಡ ಮಿದುಳಿದೆ, ದೀರ್ಘ ನೆನಪಿದೆ, ತನ್ನವರ ಸಾವಿನ ಮುಂದೆ ಅದು ನಿಲ್ಲುವ ರೀತಿಯನ್ನು ನೋಡಿದವರು ಅದಕ್ಕೆ ಭಾವನೆಯಿಲ್ಲವೆಂದು ಹೇಳಲಾರರು. ಆದರೂ ಗಂಡಾನೆಗಳ ಕಾಳಗಕ್ಕೆ ಹಗೆಯ ಕಥೆ ಬೇಕಿಲ್ಲ. ಮದವೇರಿದ ಸಲಗದ ರಕ್ತದಲ್ಲಿ ಟೆಸ್ಟೋಸ್ಟಿರೋನ್ ಹಾರ್ಮೋನು ಎಂದಿನದಕ್ಕಿಂತ ಹಲವಾರು ಪಟ್ಟು ಏರುತ್ತದೆ, ಕಣ್ಣು ಕಿವಿಗಳ ನಡುವಿನ ಗ್ರಂಥಿಯಿಂದ ಮದಜಲ ಸೋರುತ್ತದೆ, ಎದುರಾದ ಇನ್ನೊಂದು ಗಂಡು ಹಿಮ್ಮೆಟ್ಟದಿದ್ದರೆ ಅದು ಮೈಮೇಲೆ ಬೀಳುತ್ತದೆ. ಮದವಿಲ್ಲದ ಆನೆಯೂ ಬೆನ್ನಟ್ಟಿ ಸುತ್ತುವರಿದಾಗ ತಿರುಗಿ ನಿಲ್ಲುವುದುಂಟು. ಕಾಡು ತುಂಡುತುಂಡಾಗಿ ಕಾಫಿ ತೋಟಗಳ ನಡುವೆಯೇ ಆನೆಗಳು ಬಾಳುತ್ತಿರುವ ಆಲೂರು, ಸಕಲೇಶಪುರಗಳಲ್ಲಿ ಇಂಥ ಎದುರಾಟಗಳು ಹೆಚ್ಚುತ್ತಿರುವುದರ ಲೆಕ್ಕವನ್ನು ಯಾವುದೋ ಒಂದು ಸಲಗದ ದುಷ್ಟತನಕ್ಕೆ ಜಮಾ ಮಾಡಿದರೆ, ನಾವು ಮಾಡಬೇಕಾದ ಕೆಲಸ ಅಲ್ಲೇ ಉಳಿಯುತ್ತದೆ. ಚಹಾ ಅಂಗಡಿಯಲ್ಲಿ ಇಷ್ಟನ್ನು ಹೇಳಲು ನನಗೆ ಅಂದು ಧೈರ್ಯ ಬರಲಿಲ್ಲ. ಅಳುತ್ತಿರುವವರ ನಡುವೆ ಹಾರ್ಮೋನಿನ ಮಾತು ಹೃದಯಹೀನವೆನಿಸುತ್ತದೆ. ಮಾರನೆಯ ದಿನ ತರಗತಿಯಲ್ಲಿ ಹೇಳಿದೆ.

ಕರಿಹಲಗೆಗೆ ಚಿತ್ರ ಸಿಕ್ಕಿಸಿದ ಆ ಹುಡುಗನ ಪ್ರಶ್ನೆಗೂ ಮಾತಿಗಿಂತ ಒಳ್ಳೆಯ ಉತ್ತರ ಸಿಕ್ಕಿದ್ದು ಕೆಲವು ವಾರಗಳ ಅನಂತರ. ಶಿರಾಡಿ ಘಾಟಿ ಹತ್ತಿ ಮಂಗಳೂರಿನ ಮೀನು ಬರುತ್ತಿದ್ದ ದಿನ ಅವನನ್ನೂ ಇನ್ನಿಬ್ಬರನ್ನೂ ಸಕಲೇಶಪುರದ ಮೀನು ಮಾರುಕಟ್ಟೆಗೆ ಕರೆದುಕೊಂಡು ಹೋಗಿದ್ದೆ. ಮಂಜುಗಡ್ಡೆಯ ಮೇಲೆ ಒಂದು ತೊರಕೆ ಮಲಗಿತ್ತು, ಮೊರದಷ್ಟು ಅಗಲ. ಬಾಲವಿದ್ದ ಜಾಗದಲ್ಲಿ ಮೋಟು ಮಾತ್ರ ಇತ್ತು. “ಬಂದರಿನಲ್ಲೇ ಕಡಿದು ಕಳಿಸ್ತಾರೆ ಸರ್, ಕೈಗೆ ತಾಗಬಾರದಲ್ಲ,” ಎಂದರು ಮೀನು ಮಾರುವವರು. ಹುಡುಗ ಮೊದಲು ಮೋಟನ್ನು ಮುಟ್ಟಿ ನೋಡಿದ. ಬಳಿಕ ಮೀನನ್ನು ಮಗುಚಿ ಹಾಕಲು ಅವರನ್ನು ಕೇಳಿಕೊಂಡ. ಬೆಳ್ಳಗಿನ ಕೆಳಮೈಯಲ್ಲಿ, ಮರಳಿನೊಳಗಿನ ಚಿಪ್ಪುಗಳನ್ನು ಒಡೆದು ತಿನ್ನುವ ಸಣ್ಣ ಬಾಯಿ ಕಾಣಿಸಿತು. ಅದರೊಳಗೆ ಬೆರಳಿಟ್ಟು, ಒತ್ತೊತ್ತಾಗಿ ಜೋಡಿಸಿದ ಚಪ್ಪಟೆ ಹಲ್ಲುಗಳನ್ನು ತಡವಿ, “ಇವು ಕಚ್ಚೋ ಹಲ್ಲಲ್ಲ ಸರ್,” ಎಂದ.