ಮಗ ಅಪ್ರೆಂಟಿಸ್ ಆದರೆ ಮನೆಗೆ ಬರುವ ಸೌಲಭ್ಯ ನಿಲ್ಲುತ್ತದೆಯೇ?

ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಫಲಿತಾಂಶಗಳು ಬಂದ ಮೇಲೆ ಪೀಣ್ಯದ ನನ್ನ ಕಚೇರಿಗೆ ಬರುವ ತಾಯಂದಿರಲ್ಲಿ ಹೆಚ್ಚಿನವರ ಕೋರಿಕೆ ಒಂದೇ. "ಸಾರ್, ಮಗ ಫ್ಯಾಕ್ಟರಿಗೆ ಸೇರ್ತಿದ್ದಾನೆ. ಅವನ ಹೆಸರು ಎಲ್ಲೂ ಬರದ ಹಾಗೆ ನೋಡಿಕೊಳ್ಳಿ. ಬಂದರೆ ನಮ್ಮ ಕಾರ್ಡು ಹೋಗುತ್ತೆ, ಎರಡು ಸಾವಿರವೂ ಹೋಗುತ್ತೆ." ಇಎಸ್‌ಐ (ನೌಕರರ ಆರೋಗ್ಯ ಮತ್ತು ಅಪಘಾತ ವಿಮೆ) ಹಾಗೂ ಪಿಎಫ್ (ಭವಿಷ್ಯ ನಿಧಿ) ವಿಷಯಗಳಲ್ಲಿ ಸಲಹೆ ನೀಡುವ ನನಗೆ ಈ ಕೋರಿಕೆಯಷ್ಟು ಸಂಕಟ ಕೊಡುವುದು ಬೇರೊಂದಿಲ್ಲ. ಆ ತಾಯಂದಿರ ಭಯ ನನಗೆ ಅರ್ಥವಾಗುತ್ತದೆ. ಆದರೆ ಭಯದಿಂದ ಅವರು ಕೈಬಿಡುತ್ತಿರುವುದು ಮಗನಿಗಿರುವ ಒಂದೇ ರಕ್ಷಣೆಯನ್ನು.

ಮೊದಲು ಆ ಎರಡು ಸಾವಿರದ ಮಾತು. ಗೃಹಲಕ್ಷ್ಮಿ ಹಣ ನಿಲ್ಲುವುದು ಮನೆಯ ಯಜಮಾನಿ ಅಥವಾ ಆಕೆಯ ಪತಿ ಆದಾಯ ತೆರಿಗೆ ಕಟ್ಟುವವರಾಗಿದ್ದರೆ, ಇಲ್ಲವೇ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿದ್ದರೆ. ತರಬೇತಿಯ ವೇಳೆ ಮಗನಿಗೆ ಸಿಗುವ ಭತ್ಯೆಗೂ, ಅಂದರೆ ಸ್ಟೈಪೆಂಡಿಗೂ, ಅದಕ್ಕೂ ಸಂಬಂಧವಿಲ್ಲ. ಬಿಪಿಎಲ್ ಕಾರ್ಡಿನ ವಿಷಯದಲ್ಲಿ ನಾನು ಇಷ್ಟು ಖಚಿತವಾಗಿ ಹೇಳಲಾರೆ. ಅಲ್ಲಿ ಕುಟುಂಬದ ವಾರ್ಷಿಕ ಆದಾಯದ ಮಿತಿ 1.20 ಲಕ್ಷ ರೂಪಾಯಿ. 2019ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ ಐಟಿಐ ಮುಗಿಸಿದ ಅಪ್ರೆಂಟಿಸ್‌ಗೆ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 7,000 ರೂಪಾಯಿ, ಅಂದರೆ ವರ್ಷಕ್ಕೆ 84,000. ಮನೆಯ ಆದಾಯ ಮೊದಲೇ ಮಿತಿಯ ಅಂಚಿನಲ್ಲಿದ್ದರೆ ಈ ಮೊತ್ತವನ್ನು ಸೇರಿಸುತ್ತಾರೋ ಇಲ್ಲವೋ ಎಂಬುದನ್ನು ಆಹಾರ ಇಲಾಖೆಯ ಕಚೇರಿಯಲ್ಲೇ ವಿಚಾರಿಸಿ ತಿಳಿದುಕೊಳ್ಳುವುದು ಒಳ್ಳೆಯದು. ಆದರೆ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ತಾಯಿಯ ಸಂಬಳವೇ ತಿಂಗಳಿಗೆ ಹತ್ತು ಸಾವಿರ ದಾಟಿ, ಅದು ಪಿಎಫ್ ದಾಖಲೆಯಲ್ಲಿ ಪ್ರತಿ ತಿಂಗಳೂ ನಮೂದಾಗುತ್ತಿರುವಾಗ, ಮಗನ ಹೆಸರನ್ನು ಮರೆಮಾಡಿದರೆ ಕಾರ್ಡು ಉಳಿಯುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ.

ನಾನು ಎಷ್ಟು ಸಲ ಹೇಳಿದರೂ ಜನರ ಮನಸ್ಸಿಗೆ ಇಳಿಯದ ಸಂಗತಿ ಬೇರೆಯೇ ಇದೆ. ತಂದೆತಾಯಿಗಳು ಕೇಳುವುದು "ಎಷ್ಟು ಕೊಡುತ್ತಾರೆ?" ಎಂದು, ಕೇಳಬೇಕಾದದ್ದು "ಒಪ್ಪಂದ ನೋಂದಣಿಯಾಗಿದೆಯೇ?" ಎಂದು. 1961ರ ಅಪ್ರೆಂಟಿಸ್ ಕಾಯ್ದೆಯ ಅಡಿಯಲ್ಲಿ ಒಪ್ಪಂದವಾಗಿ, ಅದು ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಾದ ಹುಡುಗ ಮಾತ್ರ ಕಾನೂನಿನ ದೃಷ್ಟಿಯಲ್ಲಿ ಅಪ್ರೆಂಟಿಸ್. ಅವನು ತರಬೇತಿ ಪಡೆಯುವವನು, ಕಾರ್ಮಿಕನಲ್ಲ ಎಂದು ಆ ಕಾಯ್ದೆಯ 18ನೇ ಕಲಂ ಹೇಳುತ್ತದೆ. ಆದ್ದರಿಂದಲೇ ಅವನಿಗೆ ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ಹಳೆಯ ಇಎಸ್‌ಐ ಕಾಯ್ದೆಯಲ್ಲಿದ್ದ ಈ ವಿಂಗಡಣೆ, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಮುಂದುವರಿದಿದೆ. ಅದಕ್ಕೆ ಬದಲಾಗಿ, ತರಬೇತಿಯ ವೇಳೆ ಗಾಯವಾದರೆ ಪರಿಹಾರ ಕೊಡುವ ಹೊಣೆಯನ್ನು 16ನೇ ಕಲಂ ನೇರವಾಗಿ ಮಾಲೀಕನ ಮೇಲೆ ಹೊರಿಸುತ್ತದೆ. ಒಪ್ಪಂದವೇ ಇಲ್ಲದ ಹುಡುಗನನ್ನು ಮಾಲೀಕ "ಟ್ರೈನಿ" ಎನ್ನಲಿ, "ಹೆಲ್ಪರ್" ಎನ್ನಲಿ, ಅವನು ಮಾಡುತ್ತಿರುವುದು ನೌಕರಿ. ಇಎಸ್‌ಐ ಅನ್ವಯವಾಗುವ ಸಂಸ್ಥೆಯಾದರೆ ಮೊದಲ ದಿನದಿಂದಲೇ ಅವನ ಹೆಸರಿನಲ್ಲಿ ವಂತಿಗೆ ಕಟ್ಟಬೇಕು. ಒಪ್ಪಂದವೂ ಇಲ್ಲದೆ ವಂತಿಗೆಯೂ ಇಲ್ಲದೆ ಇರಬಹುದಾದ ಮೂರನೆಯ ಸ್ಥಿತಿ ಕಾನೂನಿನಲ್ಲಿಲ್ಲ. ಆದರೆ ನಮ್ಮ ಕೈಗಾರಿಕಾ ಪ್ರದೇಶದ ಸಣ್ಣ ಶೆಡ್ಡುಗಳಲ್ಲಿ ಆ ಮೂರನೆಯ ಸ್ಥಿತಿಯಲ್ಲಿರುವ ಹುಡುಗರನ್ನು ನಾನು ನೋಡುತ್ತಲೇ ಇದ್ದೇನೆ.

ಅಂಥ ಒಂದು ಮನೆಯ ಕಥೆ. ತಂದೆ ಕಾರ್ಖಾನೆಯಲ್ಲಿ ಕೆಲಸದ ವೇಳೆ ತೀರಿಕೊಂಡಿದ್ದರು; ಹೆಂಡತಿಗೂ ಮಗನಿಗೂ ಇಎಸ್‌ಐನಿಂದ ಅವಲಂಬಿತರ ಪಿಂಚಣಿ ಬರುತ್ತಿತ್ತು. ಹದಿನೆಂಟು ತುಂಬಿದ ಮಗ, ಯಂತ್ರದಿಂದ ಲೋಹದ ತಗಡು ಒತ್ತುವ ಪ್ರೆಸ್ ಶಾಪ್ ಒಂದಕ್ಕೆ ಸೇರಿದಾಗ, ಅವನ ಪಾಲಿನ ಪಿಂಚಣಿ ನಿಂತುಹೋಗುತ್ತದೆ ಎಂದು ಯಾರೋ ಹೆದರಿಸಿದರು. ಕಾಗದಪತ್ರ ಬೇಡವೆಂದು ತಾಯಿಯೇ ಮಾಲೀಕನನ್ನು ಕೇಳಿಕೊಂಡರು. ಆತ ಸಂತೋಷದಿಂದ ಒಪ್ಪಿದ. ವಾಸ್ತವದಲ್ಲಿ ಮಗನ ಪಾಲು ಅವನಿಗೆ 25 ವರ್ಷ ತುಂಬುವವರೆಗೆ ಸಲ್ಲುತ್ತದೆ, ಅವನು ಸಂಪಾದಿಸಿದ ಮಾತ್ರಕ್ಕೆ ನಿಲ್ಲುವುದಿಲ್ಲ. ಕೆಲವು ತಿಂಗಳಲ್ಲಿ ಹುಡುಗನ ಬೆರಳುಗಳು ಪ್ರೆಸ್ಸಿಗೆ ಸಿಕ್ಕಿದವು. "ಕೆಲಸ ಕಲಿಯಲು ಬಂದ ಹುಡುಗ, ನಮ್ಮವನಲ್ಲ" ಎಂದ ಮಾಲೀಕ. ಮೊಬೈಲಿಗೆ ಬಂದ ಹಣದ ಸಂದೇಶಗಳು, ಜೊತೆಗಾರರ ಹೇಳಿಕೆಗಳು, ಗೇಟಿನ ಪುಸ್ತಕ ಇವನ್ನೆಲ್ಲ ಕೂಡಿಸಿ ಅವನು ನೌಕರನೇ ಎಂದು ತೋರಿಸಬೇಕಾಯಿತು. ವಂತಿಗೆ ಕಟ್ಟದ ಮಾಲೀಕನಿಂದ ಹಣ ವಸೂಲು ಮಾಡುವ ಅಧಿಕಾರ ಇಎಸ್‌ಐ ನಿಗಮಕ್ಕೆ ಇರುವುದರಿಂದ ಕೊನೆಗೆ ದಾರಿ ಸಿಕ್ಕಿತು. ಆದರೆ ಚಿಕಿತ್ಸೆಯ ಸಾಲ ಅಷ್ಟರಲ್ಲಾಗಲೇ ಆ ತಾಯಿಯ ತಲೆಯ ಮೇಲಿತ್ತು.

ಪಿಎಫ್ ಕಡೆಯ ಮಕ್ಕಳ ಪಿಂಚಣಿಯೂ 25 ವರ್ಷದವರೆಗೆ ಇರುತ್ತದೆ; ಸ್ಟೈಪೆಂಡ್ ಅದಕ್ಕೆ ಅಡ್ಡಿಯಲ್ಲ. ಆದರೆ ರೈಲ್ವೆ ಮತ್ತು ಇತರ ಕೇಂದ್ರ ಸರ್ಕಾರಿ ನೌಕರರ ಕುಟುಂಬ ಪಿಂಚಣಿಯಲ್ಲಿ ಮಕ್ಕಳ ಸಂಪಾದನೆಯನ್ನು ನೋಡುತ್ತಾರೆ. ಅಲ್ಲಿಯೂ ಮಿತಿ ತಿಂಗಳಿಗೆ 9,000 ರೂಪಾಯಿ ಮತ್ತು ಅದರ ಮೇಲಿನ ತುಟ್ಟಿ ಪರಿಹಾರ ಸೇರಿದ ಮೊತ್ತವಾದ್ದರಿಂದ, ಕನಿಷ್ಠ ಸ್ಟೈಪೆಂಡ್ ಪಡೆಯುವ ಹುಡುಗ ಅದನ್ನು ಮುಟ್ಟುವುದಿಲ್ಲ.

ನಿಜವಾಗಿ ನಿಲ್ಲುವ ಸೌಲಭ್ಯಗಳೂ ಇವೆ, ಅವನ್ನು ಮುಚ್ಚಿಡಬಾರದು. ಡಿಪ್ಲೊಮಾ ಮುಗಿಸಿ ಯುವನಿಧಿಯ 1,500 ರೂಪಾಯಿ ಪಡೆಯುತ್ತಿರುವ ಮಗನೋ ಮಗಳೋ ಅಪ್ರೆಂಟಿಸ್ ಆಗಿ ಸೇರಿದರೆ ಆ ಹಣಕ್ಕೆ ಅರ್ಹತೆ ಇರುವುದಿಲ್ಲ. ನಿರುದ್ಯೋಗಿ ಎಂಬ ಸ್ವಯಂ ಘೋಷಣೆ ಕೊಡುವುದನ್ನು ಅಂದೇ ನಿಲ್ಲಿಸಬೇಕು. ತಾಯಿ ಅಥವಾ ತಂದೆಯ ಇಎಸ್‌ಐ ಕಾರ್ಡಿನ ಚಿಕಿತ್ಸೆ ಇನ್ನೂ ಸೂಕ್ಷ್ಮ ವಿಷಯ. ಹದಿನೆಂಟು ದಾಟಿದ ಮಗನಿಗೆ ಅದು ಸಿಗಬೇಕಾದರೆ ಅವನು ಪೂರ್ತಿಯಾಗಿ ಅವರ ಸಂಪಾದನೆಯನ್ನೇ ಅವಲಂಬಿಸಿ ಓದುತ್ತಿರಬೇಕು, ಅದೂ 21 ವರ್ಷದವರೆಗೆ ಮಾತ್ರ. ಸ್ಟೈಪೆಂಡ್ ಪಡೆಯುವ ಅಪ್ರೆಂಟಿಸ್ ಈ ಷರತ್ತಿಗೆ ಹೊಂದುತ್ತಾನೆ ಎಂದು ನಾನು ಯಾರಿಗೂ ಭರವಸೆ ಕೊಡುವುದಿಲ್ಲ. ಇಎಸ್‌ಐ ಶಾಖಾ ಕಚೇರಿಯಲ್ಲಿ ಲಿಖಿತವಾಗಿ ಕೇಳಿ, ಉತ್ತರ ಬರುವವರೆಗೆ ಅವನಿಗೆ ಬೇರೆ ಆರೋಗ್ಯ ವಿಮೆ ಇರಲಿ ಎನ್ನುತ್ತೇನೆ.

ಒಪ್ಪಂದವಾಗಿದೆಯೇ ಎಂದು ತಿಳಿಯಲು ನನ್ನ ಬಳಿ ಬರುವ ಅಗತ್ಯವೂ ಇಲ್ಲ. ಹದಿನೆಂಟು ತುಂಬದ ಹುಡುಗನ ಪರವಾಗಿ ಒಪ್ಪಂದ ಮಾಡಿಕೊಳ್ಳಬೇಕಾದವರು ಪೋಷಕರು. ಹದಿನೇಳರ ಮಗ ಕೆಲಸಕ್ಕೆ ಹೋಗತೊಡಗಿದ ಮೇಲೂ ನಿಮ್ಮ ಸಹಿಯನ್ನು ಯಾರೂ ಕೇಳಿಲ್ಲವೆಂದರೆ ಅಲ್ಲಿ ಒಪ್ಪಂದವಾಗಿಲ್ಲ ಎಂದೇ ತಿಳಿಯಿರಿ. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಗೆ ಸೇರಿದ ತರಬೇತಿಯಾದರೆ, ತಿಂಗಳಿಗೆ ಗರಿಷ್ಠ 1,500 ರೂಪಾಯಿಯವರೆಗಿನ ಸರ್ಕಾರದ ಪಾಲು ನೇರವಾಗಿ ಹುಡುಗನ ಬ್ಯಾಂಕ್ ಖಾತೆಗೆ ಬರುತ್ತದೆ. ಪಾಸ್‌ಬುಕ್ಕಿನಲ್ಲಿ ಅದನ್ನೂ ನೋಡಬಹುದು. ಎರಡೂ ಕಾಣದಿದ್ದರೆ ಪೋರ್ಟಲ್‌ನ ನೋಂದಣಿ ಸಂಖ್ಯೆಯನ್ನು ಮಾಲೀಕರಿಂದ ಕೇಳಿ ಪಡೆಯಿರಿ. ಅದನ್ನು ಕೊಡಲು ಅವರು ಹಿಂದೇಟು ಹಾಕಿದರೆ ಮಗನ ಇಎಸ್‌ಐ ಸಂಖ್ಯೆಯನ್ನಾದರೂ ಕೇಳಲೇಬೇಕು.