ಹತ್ತೂವರೆ ರೂಪಾಯಿಯ ಪಿಂಚಣಿ, ಆಸ್ಪತ್ರೆಯ ಬಾಗಿಲು

ಗೋಕಾಕ ತಾಲ್ಲೂಕಿನ ನಮ್ಮೂರಿನಲ್ಲಿ ಮಿಲಿಟರಿಯವರ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿಲ್ಲ. ಪಡಸಾಲೆಯ ಮೂಲೆಯಲ್ಲಿ ಕಪ್ಪು ತಗಡಿನ ಟ್ರಂಕು ಕುಳಿತಿರುತ್ತದೆ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ದರ್ಜೆ, ಹೆಸರು. ನಮ್ಮ ದೊಡ್ಡಪ್ಪನ ಟ್ರಂಕನ್ನು ತೆರೆದರೆ ಈಗಲೂ ಡಾಂಬರು ಗುಳಿಗೆಯ ವಾಸನೆ ಬರುತ್ತದೆ. ತಳದಲ್ಲಿ ಅಂಚು ಹರಿದ ಡಿಸ್ಚಾರ್ಜ್ ಬುಕ್ಕು ಇದೆ. 1956ರಲ್ಲಿ ಭರ್ತಿ, ಒಂಬತ್ತು ವರ್ಷ ಪಲ್ಟನ್ನಿನಲ್ಲಿ ಸೇವೆ, ಕೊನೆಯ ವರ್ಷದಲ್ಲಿ ಪಾಕಿಸ್ತಾನದ ಜೊತೆ ಯುದ್ಧ, ಆಮೇಲೆ ಆರು ವರ್ಷ ಮೀಸಲು ಪಡೆಯ ಪಟ್ಟಿಯಲ್ಲಿ ಹೆಸರು.

ಇಲ್ಲದ್ದು ಒಂದೇ ಕಾಗದ: ಪಿಪಿಓ, ಅಂದರೆ ಪಿಂಚಣಿ ಪಾವತಿ ಆದೇಶ.

ಆಗಿನ ಲೆಕ್ಕ ಹೀಗಿತ್ತು. 1961ರ ಸೇನಾ ಪಿಂಚಣಿ ನಿಯಮದ ಪ್ರಕಾರ ಒಂಬತ್ತು ವರ್ಷ ಪಲ್ಟನ್ ಸೇವೆ ಮತ್ತು ಆರು ವರ್ಷ ಮೀಸಲು ಸೇವೆ ಮುಗಿಸಿದವನಿಗೆ ತಿಂಗಳಿಗೆ 10 ರೂಪಾಯಿ 50 ಪೈಸೆ ಪಿಂಚಣಿ; ಅದು ಬೇಡವೆಂದರೆ 800 ರೂಪಾಯಿ ಇಡಿಗಂಟು. ಹತ್ತೂವರೆ ರೂಪಾಯಿಗಾಗಿ ತಿಂಗಳು ತಿಂಗಳು ಯಾರು ತಿರುಗಬೇಕು? ದೊಡ್ಡಪ್ಪ ಇಡಿಗಂಟು ತೆಗೆದುಕೊಂಡರು, ಜೋಡಿ ಎತ್ತು ಕಟ್ಟಿದರು. ಒಕ್ಕಲುತನದ ಮನೆಯಲ್ಲಿ ಅದಕ್ಕಿಂತ ಸರಿಯಾದ ನಿರ್ಧಾರ ಇನ್ನೊಂದಿರಲಿಲ್ಲ ಎಂದು ನಾನು ಇವತ್ತಿಗೂ ವಾದಿಸುತ್ತೇನೆ. ಮೂವತ್ತು ವರ್ಷದ ನಂತರ ಆ ಹತ್ತೂವರೆ ರೂಪಾಯಿಯೇ ಆಸ್ಪತ್ರೆಯ ಬಾಗಿಲಿನ ಕೀಲಿಕೈ ಆಗುತ್ತದೆಂದು ಅವರಿಗೆ ಹೇಳುವವರು ಯಾರಿದ್ದರು?

ಸೈನ್ಯ ಬೆಳಗಾವಿಗೆ ಹೊಸದಲ್ಲ. 1768ರಲ್ಲಿ ಹುಟ್ಟಿದ ಮರಾಠಾ ಪದಾತಿ ದಳದ ಕೇಂದ್ರ 1922ರಿಂದ ಈ ಊರಿನಲ್ಲಿದೆ. ಎರಡನೆಯ ಮಹಾಯುದ್ಧದಲ್ಲಿ ಇದರ ಪಲ್ಟನ್‌ಗಳು ಎರಿಟ್ರಿಯಾದ ಕೆರೆನ್ ಬೆಟ್ಟಗಳಲ್ಲಿ, ಇಟಲಿಯ ನದಿ ದಂಡೆಗಳಲ್ಲಿ ಕಾದಿದವು. ಇಟಲಿಯಲ್ಲಿ ಯಶವಂತ ಘಾಡ್ಗೆ, ನಾಮದೇವ ಜಾಧವ ಎಂಬ ಇಬ್ಬರಿಗೆ ಬ್ರಿಟಿಷರ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು. ಯುದ್ಧ ಮುಗಿದ ಮೇಲೆ ಸರ್ಕಾರಕ್ಕೆ ಅಷ್ಟು ಜನ ಬೇಕಿರಲಿಲ್ಲ. ಸಾವಿರಾರು ಸಿಪಾಯಿಗಳು ಪಿಂಚಣಿಯಿಲ್ಲದೆ ಊರಿಗೆ ಮರಳಿದರು.

ನಿವೃತ್ತರಿಗೆ ಚಿಕಿತ್ಸೆ ಇರಲೇ ಇಲ್ಲ ಎಂದಲ್ಲ. ಕ್ಯಾಂಪಿನ ಮಿಲಿಟರಿ ಆಸ್ಪತ್ರೆಗೆ ಹೋಗಬಹುದಿತ್ತು, ಆದರೆ ಅದು ಮೊದಲು ಸೇವೆಯಲ್ಲಿದ್ದವರ ಆಸ್ಪತ್ರೆ. ಹಾಸಿಗೆ ಖಾಲಿ ಇದ್ದರೆ ನಿವೃತ್ತರಿಗೆ. ಅಥಣಿಯಂಥ ಊರಿನಿಂದ ನೂರು ಕಿಲೋಮೀಟರಿಗೂ ಹೆಚ್ಚು ಬಸ್ಸಿನಲ್ಲಿ ಬಂದವನು ಆ ‘ಇದ್ದರೆ’ಯನ್ನು ನಂಬಿಕೊಂಡು ಬರಬೇಕಿತ್ತು. ಕೇಂದ್ರ ಸರ್ಕಾರದ ನಾಗರಿಕ ನೌಕರರಿಗೆ 1954ರಲ್ಲೇ ಆರೋಗ್ಯ ಯೋಜನೆ, ಅಂದರೆ ಸಿಜಿಎಚ್‌ಎಸ್ ಬಂದಿತ್ತು. ನಿವೃತ್ತ ಸೈನಿಕನಿಗೆ ಅಂಥದ್ದೊಂದು ಯೋಜನೆ ಸಿಗಲು 49 ವರ್ಷ ಬೇಕಾಯಿತು.

2002ರ ಡಿಸೆಂಬರ್ ಕೊನೆಯಲ್ಲಿ ಮಂಜೂರಾಗಿ 2003ರ ಏಪ್ರಿಲ್ 1ರಂದು ಜಾರಿಗೆ ಬಂದ ಮಾಜಿ ಸೈನಿಕರ ವಂತಿಗೆಯ ಆರೋಗ್ಯ ಯೋಜನೆಯನ್ನು ಎಲ್ಲರೂ ಕರೆಯುವುದು ಇಸಿಎಚ್‌ಎಸ್ ಎಂದೇ. ದೇಶದಾದ್ಯಂತ ಮೊದಲಿಗೆ 227 ಪಾಲಿಕ್ಲಿನಿಕ್‌ಗಳು, 2010ರಲ್ಲಿ ಇನ್ನೂ 199. ಪಾಲಿಕ್ಲಿನಿಕ್ಕಿನ ವೈದ್ಯರು ರೆಫರಲ್ ಬರೆದರೆ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಯಲ್ಲಿ ಹಣ ಕಟ್ಟದೆ ಚಿಕಿತ್ಸೆ. ವಂತಿಗೆ ಒಂದೇ ಸಲ: 2017ರ ಕೊನೆಯಲ್ಲಿ ಪರಿಷ್ಕರಿಸಿದ ದರದಂತೆ ಹವಾಲ್ದಾರ್‌ವರೆಗಿನವರಿಗೆ 30,000, ಜೆಸಿಓಗಳಿಗೆ (ಸುಬೇದಾರರಂಥ ಕಿರಿಯ ಅಧಿಕಾರಿಗಳಿಗೆ) 67,000, ಅಧಿಕಾರಿಗಳಿಗೆ 1,20,000 ರೂಪಾಯಿ. 1996ರ ಜನವರಿ 1ಕ್ಕಿಂತ ಮೊದಲು ನಿವೃತ್ತರಾದವರಿಗೆ ಮತ್ತು ಯುದ್ಧ ವಿಧವೆಯರಿಗೆ ವಂತಿಗೆ ಇಲ್ಲ. ಹೆಂಡತಿ, 25 ವರ್ಷದೊಳಗಿನ ನಿರುದ್ಯೋಗಿ ಅವಿವಾಹಿತ ಮಗ, ಅವಿವಾಹಿತ ಮಗಳು, ಆದಾಯ ಮಿತಿಯೊಳಗಿನ ತಂದೆತಾಯಿಗೂ ಸೌಲಭ್ಯ ಉಂಟು. ಒಳ್ಳೆಯ ಯೋಜನೆ, ಅನುಮಾನವಿಲ್ಲ.

ತೊಡಕಿದ್ದದ್ದು ಹೊಸ್ತಿಲಲ್ಲಿ. ಯೋಜನೆ ಕೇಳಿದ್ದು ಎರಡು: ನೀವು ಮಾಜಿ ಸೈನಿಕರೇ? ಪಿಂಚಣಿ ಬರುತ್ತದೆಯೇ? ‘ಯುದ್ಧಕ್ಕೆ ಹೋಗಿದ್ದಿರಾ’ ಎಂಬ ಪ್ರಶ್ನೆ ಅರ್ಜಿಯ ಹೊಸ್ತಿಲಲ್ಲಿ ಇರಲೇ ಇಲ್ಲ. ಗುಂಡು ಕಾಣದೆ ಹದಿನೈದು ವರ್ಷ ಉಗ್ರಾಣ ನೋಡಿಕೊಂಡವನಿಗೆ ಕಾರ್ಡು ಸಿಕ್ಕಿತು. ಅದು ಅವನ ಹಕ್ಕು, ತಕರಾರಿಲ್ಲ. ಕಂದಕದಲ್ಲಿ ಮಲಗಿ ಎದ್ದ ದೊಡ್ಡಪ್ಪನಿಗೆ ಸಿಗಲಿಲ್ಲ. ಯುದ್ಧದಲ್ಲಿ ಗಾಯಗೊಂಡು ಅಂಗವೈಕಲ್ಯ ಪಿಂಚಣಿ ಪಡೆದಿದ್ದರೆ ಸೇವೆ ಕಡಿಮೆ ಇದ್ದರೂ ಬಾಗಿಲು ತೆರೆಯುತ್ತಿತ್ತು. ಇಡಿಯಾಗಿ ಮರಳಿ ಬಂದದ್ದೇ ಅವರ ಪಾಲಿಗೆ ಮುಳುವಾಯಿತು. ಕೌಂಟರಿನಲ್ಲಿ ಕುಳಿತಿದ್ದವರು ಡಿಸ್ಚಾರ್ಜ್ ಬುಕ್ಕನ್ನು ಎರಡು ಸಲ ತಿರುವಿ ಹಾಕಿ, “ಅಜ್ಜಾ, ಪಿಪಿಓ ತನ್ನಿರಿ” ಎಂದರು. ದೊಡ್ಡಪ್ಪ, “ಅದನ್ನು ಎತ್ತು ತಿಂದವು” ಎಂದು ಎದ್ದು ಬಂದರು. ಕೊನೆಗೆ ಅವರಿಗೆ ಕಣ್ಣಿನ ಪೊರೆ ತೆಗೆಸಿದ್ದು ಬಿಪಿಎಲ್ ಕಾರ್ಡಿನ ಮೇಲೆ.

ಪಿಪಿಓ ಇದ್ದವರಿಗೂ ದಾರಿ ಸಲೀಸಲ್ಲ. ನಮ್ಮ ಕಡೆ ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುವ ಮನೆಗಳು ಬಹಳ. ತವರಿನಲ್ಲಿ ಶಾಂತವ್ವ, ಗಂಡನ ಮನೆಯಲ್ಲಿ ಲಕ್ಷ್ಮೀಬಾಯಿ. ಸೇನೆಯ ದಾಖಲೆಯಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು. ಹುಟ್ಟಿದ ತಾರೀಖು ಅಂದರಂತೂ ಜೂನ್ 1; ಶಾಲೆಗೆ ಸೇರಿಸುವಾಗ ಮಾಸ್ತರರು ಊರಿನ ಅರ್ಧ ಮಕ್ಕಳನ್ನು ಒಂದೇ ದಿನ ಹುಟ್ಟಿಸಿದ್ದಾರೆ. ಗಂಡ ತೀರಿಕೊಂಡ ಮೇಲೆ ಈ ಗಂಟು ಬಿಚ್ಚಲು ಅಫಿಡವಿಟ್, ದಾಖಲೆ ಕಚೇರಿಗೆ ಪತ್ರ, ಮತ್ತೆ ಪತ್ರ. ಊರಲ್ಲಿ ಒಬ್ಬರಾದರೂ ನಿವೃತ್ತ ಸುಬೇದಾರರು ಇದ್ದು ಅರ್ಜಿ ಬರೆದುಕೊಟ್ಟರೆ ಪುಣ್ಯ.

ಬಾಗಿಲು ಇನ್ನಷ್ಟು ತೆರೆದದ್ದು 2019ರ ಮಾರ್ಚ್ 7ರಂದು. ಎರಡನೆಯ ಮಹಾಯುದ್ಧದ ಯೋಧರು, ತುರ್ತು ನೇಮಕಾತಿಯ ಅಧಿಕಾರಿಗಳು, ಅಲ್ಪಾವಧಿ ಸೇವೆಯ ಅಧಿಕಾರಿಗಳು, ಅವಧಿಗೆ ಮೊದಲೇ ನಿವೃತ್ತರಾದವರನ್ನು ಇಸಿಎಚ್‌ಎಸ್‌ಗೆ ಸೇರಿಸಲು ಕೇಂದ್ರ ಸಚಿವ ಸಂಪುಟ ಒಪ್ಪಿತು. 1962ರ ಚೀನಾ ಯುದ್ಧದ ನಂತರ ಅವಸರದಲ್ಲಿ ಭರ್ತಿಯಾಗಿ, 1965ರಲ್ಲಿ ಪ್ಲಟೂನು ನಡೆಸಿ, ಕೆಲವೇ ವರ್ಷಕ್ಕೆ ಮನೆಗೆ ಬಂದ ಅಧಿಕಾರಿಗಳಿಗೆ ಅರ್ಧ ಶತಮಾನದ ಮೇಲೆ ಬಂದ ಉತ್ತರ ಇದು. ಮಹಾಯುದ್ಧದ ಸಿಪಾಯಿಗೆ ಆ ಹೊತ್ತಿಗೆ ಕಡಿಮೆಯೆಂದರೂ ತೊಂಬತ್ತು ದಾಟಿತ್ತು. 2025ರ ಆಗಸ್ಟಿನಲ್ಲಿ, ತರಬೇತಿಯಲ್ಲಿ ಅಂಗವಿಕಲರಾಗಿ ಹೊರಬಿದ್ದ ಅಧಿಕಾರಿ ಕೆಡೆಟ್‌ಗಳಿಗೂ ವಂತಿಗೆಯಿಲ್ಲದೆ ಸೌಲಭ್ಯ ಕೊಡುವ ಆದೇಶವಾಯಿತು. ವಿಜಯಪುರದ ಸೈನಿಕ ಶಾಲೆಯಿಂದ ಹುಡುಗರನ್ನು ಸೇನಾ ಅಧಿಕಾರಿಗಳ ತರಬೇತಿ ಅಕಾಡೆಮಿಯಾದ ಎನ್‌ಡಿಎಗೆ ಕಳಿಸುವ ತಂದೆತಾಯಂದಿರಿಗೆ ಇದು ಸಣ್ಣ ಸುದ್ದಿಯಲ್ಲ.

ಅಮೆರಿಕದಲ್ಲಿ ಅಳತೆಗೋಲು ಬೇರೆ. ಅಲ್ಲಿ ಯುದ್ಧಭೂಮಿಯಲ್ಲಿ ಸೇವೆ ಮಾಡಿದ್ದೇ ಒಂದು ಅರ್ಹತೆ. ಸೇನೆಯಿಂದ ಬಿಡುಗಡೆಯಾದ ಐದು ವರ್ಷದೊಳಗೆ ಸರ್ಕಾರಿ ಚಿಕಿತ್ಸೆಗೆ ಹೆಸರು ನೋಂದಾಯಿಸಬೇಕಿದ್ದುದನ್ನು 2022ರ ಕಾಯ್ದೆ ಹತ್ತು ವರ್ಷಕ್ಕೆ ಏರಿಸಿತು. ಅಲ್ಲಿ ಎಲ್ಲವೂ ಸರಿಯಿದೆ ಎಂದಲ್ಲ, ಆದರೆ ಪ್ರಶ್ನೆಯನ್ನಾದರೂ ಕೇಳುತ್ತಾರೆ.

ನಮ್ಮಲ್ಲಿ ಅದೇ 2022ರ ಜೂನ್ 14ರಂದು ಸೇನಾ ಭರ್ತಿಯ ಹೊಸ ಯೋಜನೆ ಅಗ್ನಿಪಥ ಪ್ರಕಟವಾಯಿತು. ನಾಲ್ಕು ವರ್ಷದ ಸೇವೆ, ಆಮೇಲೆ ಗರಿಷ್ಠ ಶೇ 25ರಷ್ಟು ಜನರಿಗೆ ಮಾತ್ರ ಕಾಯಂ. ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿಯ ಸೇವಾ ನಿಧಿ. ಪಿಂಚಣಿಯಿಲ್ಲ, ಮಾಜಿ ಸೈನಿಕನೆಂಬ ಸ್ಥಾನಮಾನವಿಲ್ಲ, ಹಾಗಾಗಿ ಇಸಿಎಚ್‌ಎಸ್ ಕೂಡ ಇಲ್ಲ. ಸೇವೆಯ ಕಾರಣಕ್ಕೆ ಅಂಗವಿಕಲನಾದರೆ ವೈಕಲ್ಯದ ಪ್ರಮಾಣ ನೋಡಿ 44, 25 ಅಥವಾ 15 ಲಕ್ಷ, ಅದೂ ಒಂದೇ ಸಲ. ಮೊದಲ ತಂಡದವರ ನಾಲ್ಕು ವರ್ಷ 2026ರ ಕೊನೆ, 2027ರ ಆರಂಭದ ಹೊತ್ತಿಗೆ ಮುಗಿಯುತ್ತದೆ.

ನಮ್ಮ ಓಣಿಯ ಹುಡುಗನೊಬ್ಬ ಅಗ್ನಿವೀರನಾಗಿದ್ದಾನೆ. ಕಳೆದ ರಜೆಯಲ್ಲಿ ಬಂದಾಗ ದೊಡ್ಡಪ್ಪನ ಟ್ರಂಕಿನ ಮೇಲೆಯೇ ಕುಳಿತು ಚಹಾ ಕುಡಿದ. ಇಡಿಗಂಟು ಬಂದರೆ ಏನು ಮಾಡುತ್ತೀಯಪ್ಪಾ ಎಂದು ದೊಡ್ಡಮ್ಮ ಕೇಳಿದರು. ಟ್ರ್ಯಾಕ್ಟರ್ ತೆಗೆದುಕೊಳ್ಳುತ್ತೇನೆ ಎಂದ.